ಯುವಿಯೈಟಿಸ್ ಇರುವ ಕಣ್ಣಿಗೆ ಪೊರೆ ಆಪರೇಷನ್: ಮೂರು ತಿಂಗಳು ಕಾಯಲೇಬೇಕಾ?

ಮಲೆನಾಡ ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ವಯಸ್ಸು 44. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುವಾತ ಇದೆ. ಅದರ ಜೊತೆ ಹೆಚ್ಚಾಗಿ ಕಾಣುವ ಎಚ್‌ಎಲ್‌ಎ ಬಿ27 ಜೀನ್ ಪರೀಕ್ಷೆಯೂ ಪಾಸಿಟಿವ್. ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿರುತ್ತದೆ, ಸ್ವಲ್ಪ ಓಡಾಡಿದ ಮೇಲೆ ಬಿಡುತ್ತದೆ. ಅದನ್ನು ಹೇಗೋ ಸಂಭಾಳಿಸಿಕೊಂಡು ಬಂದಿದ್ದೇನೆ. ಕಣ್ಣಿನಿಂದ ಮಾತ್ರ ಸಾಕುಸಾಕಾಗಿದೆ. ಕಣ್ಣಿನ ನಡುಪದರವಾದ ಯುವಿಯಾದಲ್ಲಿ ಬರುವ ಉರಿಯೂತ, ಯುವಿಯೈಟಿಸ್ ಅಂತಾರೆ. ವರ್ಷಕ್ಕೊಮ್ಮೆಯಾದರೂ ಬಲಗಣ್ಣು ಕೆಂಪಾಗಿ, ಬೆಳಕು ಚುಚ್ಚಿ, ನೋವು ಹುಬ್ಬಿನವರೆಗೆ ಏರುತ್ತದೆ. ಗಂಟೆಗೊಮ್ಮೆ ಪ್ರೆಡ್ನಿಸೊಲೋನ್ ಅನ್ನುವ ಸ್ಟೆರಾಯ್ಡ್ ಡ್ರಾಪ್ಸ್, ಜೊತೆಗೆ ಪಾಪೆ ಅಗಲ ಮಾಡುವ ಇನ್ನೊಂದು. ಕೆಲವು ವಾರದಲ್ಲಿ ಇಳಿಯುತ್ತದೆ.

ಈಗ ಅದೇ ಕಣ್ಣಿಗೆ ಪೊರೆ ಬಂದಿದೆ. ಲೆನ್ಸಿನ ಹಿಂಭಾಗದಲ್ಲಿ ನಟ್ಟನಡುವೆ ಇದೆಯಂತೆ. ಬೆಳಗಿನ ಪ್ರಾರ್ಥನೆಗೆ ಬಿಸಿಲಿಗೆ ಮುಖ ಮಾಡಿ ನಿಂತರೆ ಮಕ್ಕಳ ಸಾಲು ಪೂರ್ತಿ ಬೆಳ್ಳಗೆ ಮಸುಕು. ಸಂಜೆ ಮೋಡ ಕವಿದಾಗ ವಾಸಿ. ರಾತ್ರಿ ಎದುರಿಂದ ಒಂದು ಬೈಕ್ ಬಂದರೂ ರಸ್ತೆ ಮಾಯ. ಉತ್ತರಪತ್ರಿಕೆ ತಿದ್ದುವಾಗ 6 ಯಾವುದು, 8 ಯಾವುದು ಅಂತ ಎಡಗಣ್ಣಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು.

ಹತ್ತಿರದ ಒಂದು ಆಸ್ಪತ್ರೆಯಲ್ಲಿ ತೋರಿಸಿದೆ. "ಬರುವ ಬುಧವಾರವೇ ಮಾಡಿಬಿಡೋಣ, ಹದಿನೈದು ನಿಮಿಷದ ಕೆಲಸ" ಎಂದರು. ಕೌಂಟರಿನಲ್ಲಿ ಲೆನ್ಸುಗಳ ರೇಟ್ ಕಾರ್ಡ್ ಕೈಗಿಟ್ಟರು. ಮಲ್ಟಿಫೋಕಲ್ ಹಾಕಿಸಿದರೆ ಕನ್ನಡಕವೇ ಬೇಡವಂತೆ. ನನ್ನ ಹಳೆ ಫೈಲು ಬ್ಯಾಗಿನಲ್ಲೇ ಇತ್ತು, ಯಾರೂ ಕೇಳಲಿಲ್ಲ. ಯಾಕೋ ಸಮಾಧಾನ ಆಗದೆ ಮಂಗಳೂರಿಗೆ ಹೋಗಿ ಯುವಿಯಾ ತಜ್ಞರೊಬ್ಬರನ್ನು ಕಂಡೆ. ಅವರು ಹೇಳಿದ್ದೇ ಬೇರೆ. "ಈಗ ಮುಟ್ಟುವ ಹಾಗಿಲ್ಲ. ಕಣ್ಣು ಕನಿಷ್ಠ ಮೂರು ತಿಂಗಳು ತಣ್ಣಗಿರಲಿ. ಆಪರೇಷನ್ನಿಗೆ ಕೆಲವು ದಿನ ಮೊದಲು ಸ್ಟೆರಾಯ್ಡ್ ಮಾತ್ರೆ ಶುರು ಮಾಡೋಣ" ಎಂದರು. ಕೊನೆಯ ಸಲ ಕಣ್ಣು ಕೆಂಪಾಗಿದ್ದು ಡಿಸೆಂಬರಿನಲ್ಲಿ. ಈಗ ಸಂಕ್ರಾಂತಿ ಮುಗಿದಿದೆ.

ಮಾರ್ಚಿನಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ, ಆಮೇಲೆ ಮೌಲ್ಯಮಾಪನ. ಅಷ್ಟರೊಳಗೆ ಕಣ್ಣು ಸರಿಹೋದರೆ ಅನುಕೂಲ. ಶುಗರ್ ಬೇರೆ ಬಾರ್ಡರಿನಲ್ಲಿದೆ, ಮಾತ್ರೆ ಅಂದರೆ ಭಯ. ನಮ್ಮ ಭಾವನಂತೂ "ಮಂಗಳೂರಿನವರು ಸುಮ್ನೆ ಓಡಾಡಿಸುತ್ತಿದ್ದಾರೆ" ಅನ್ನುತ್ತಾನೆ. ಇದೇ ತೊಂದರೆ ಇದ್ದು ಆಪರೇಷನ್ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

---

ದಾವಣಗೆರೆ ಟೈಲರ್ ಬರೆದದ್ದು:

ಮೇಷ್ಟ್ರೇ, ಬುಧವಾರ ಬೇಡ. ಮೊದಲು ಅದನ್ನು ಹೇಳಿ ಆಮೇಲೆ ಉಳಿದದ್ದು ಬರೆಯುತ್ತೇನೆ.

ನನಗೆ ಎರಡೂ ಕಣ್ಣಿಗೆ ಯುವಿಯೈಟಿಸ್. ನಿಮ್ಮ ಹಾಗೆ ಬೆನ್ನಿನ ಕಾಯಿಲೆ ಇಲ್ಲ. ಎದೆಯ ಎಕ್ಸ್‌ರೇ, ಟಿಬಿಗೆ ಕೈಗೆ ಚುಚ್ಚುವ ಮಾಂಟು ಟೆಸ್ಟು, ರಕ್ತದಲ್ಲಿ ಇರುವುದೆಲ್ಲ ತೆಗೆದು ನೋಡಿದರೂ ಕಾರಣ ಸಿಗಲಿಲ್ಲ. ಹೀಗೆ ಕಾರಣ ಸಿಗದವರು ಬೇಕಾದಷ್ಟು ಜನ ಇದ್ದಾರಂತೆ. ಮೂವತ್ತರ ಆಸುಪಾಸಿನಿಂದ ಡ್ರಾಪ್ಸು, ಮಾತ್ರೆ. ಒಳಗಿನ ಉರಿಯೂತದಿಂದಲೂ ಪೊರೆ ಬರುತ್ತದೆ, ಅದನ್ನು ಇಳಿಸಲು ಹಾಕುವ ಸ್ಟೆರಾಯ್ಡಿನಿಂದಲೂ ಬರುತ್ತದೆ. ಹಾಗಂತ ಡ್ರಾಪ್ಸ್ ಬಿಟ್ಟರೆ ಕಣ್ಣೇ ಹೋಗುತ್ತದೆ. ನಮ್ಮಂಥವರ ಗತಿ ಇದು. ನಾನು ಹೊಲಿಯುವವಳು. ಕಪ್ಪು ಬ್ಲೌಸಿಗೆ ಕಪ್ಪು ದಾರ ಅಂದರೆ ಮಗಳನ್ನು ಕೂಗಬೇಕಾಗಿತ್ತು.

ಬಲಗಣ್ಣನ್ನು ಮೊದಲು ಮಾಡಿಸಿದ್ದು ಒಂದು ಖಾಸಗಿ ಆಸ್ಪತ್ರೆಯಲ್ಲಿ. ಹೆಸರು ಬೇಡ. ಕಣ್ಣು ಆಗಾಗ ಕೆಂಪಾಗುತ್ತದೆ ಅಂತ ಹೇಳಿದೆ. "ಈಗ ಕೆಂಪಿಲ್ಲವಲ್ಲ" ಎಂದರು. ಎಲ್ಲರಿಗೂ ಕೊಡುವ ಚೀಟಿಯನ್ನೇ ನನಗೂ ಕೊಟ್ಟರು: ದಿನಕ್ಕೆ ನಾಲ್ಕು ಸಲ, ಮುಂದಿನ ವಾರ ಮೂರು, ಹಾಗೇ ಇಳಿಸುತ್ತಾ ಹೋಗಿ ನಿಲ್ಲಿಸುವುದು. ಮೊದಲೆರಡು ದಿನ ಲೋಕವೇ ಹೊಸದಾಗಿ ಕಂಡಿತು. ವಾರ ತುಂಬುವುದರೊಳಗೆ ಮಸುಕು. ಪಾಪೆಯೊಳಗೆ ಬಿಳಿ ಎಳೆಗಳು ಕಟ್ಟಿಕೊಂಡಿದ್ದವು. ಫೈಬ್ರಿನ್ ಅಂತಾರೆ. ಡ್ರಾಪ್ಸ್ ಜಾಸ್ತಿ ಮಾಡಿದ ಮೇಲೆ ಅದೇನೋ ಕರಗಿತು. ಒಂದೂವರೆ ತಿಂಗಳಾದ ಮೇಲೆ ಟೇಪ್ ಹಿಡಿದು ಅಳತೆ ತೆಗೆಯುತ್ತಿದ್ದೇನೆ, ಟೇಪಿನ ಗೆರೆ ನಡುವೆ ಬಗ್ಗಿ ಕಾಣುತ್ತಿದೆ! ಎಡಗಣ್ಣಲ್ಲಿ ನೇರ, ಬಲಗಣ್ಣಲ್ಲಿ ಸೊಟ್ಟ. ಒಸಿಟಿ ಸ್ಕ್ಯಾನ್ ಮಾಡಿದಾಗ ಅಕ್ಷಿಪಟಲದ ನಡುಭಾಗ, ಮ್ಯಾಕ್ಯುಲಾ, ನೀರು ತುಂಬಿ ಊದಿಕೊಂಡಿತ್ತು. ಕಣ್ಣಿನ ಪಕ್ಕಕ್ಕೆ ಇಂಜೆಕ್ಷನ್ ಕೊಟ್ಟರು, ನಿಧಾನಕ್ಕೆ ಇಳಿಯಿತು. ಆದರೂ ಆ ಕಣ್ಣಿನ ನೋಟ 6/18ಕ್ಕೆ (6/6 ಅಂದರೆ ಪೂರ್ತಿ ನೋಟ) ನಿಂತುಬಿಟ್ಟಿದೆ.

ಎಡಗಣ್ಣಿಗೆ ಬೆಂಗಳೂರಿಗೆ ಹೋದೆ. ಅಲ್ಲಿನ ಯುವಿಯಾ ಡಾಕ್ಟರು ಮೊದಲ ದಿನವೇ ಹೇಳಿದರು, "ಪೊರೆ ಎಲ್ಲಿಗೂ ಓಡಿಹೋಗುವುದಿಲ್ಲ. ಕಣ್ಣು ಕೆಂಪಿಲ್ಲ ಅನ್ನುವುದು ಲೆಕ್ಕಕ್ಕಿಲ್ಲ. ಒಳಗಿನ ನೀರಿನಲ್ಲಿ ಸೆಲ್ಸ್, ಅಂದರೆ ಉರಿಯೂತದ ಬಿಳಿ ರಕ್ತಕಣ, ಇದೆಯೋ ಇಲ್ಲವೋ, ಅದು ಲೆಕ್ಕ." ಪ್ರತಿ ಸಲ ಕತ್ತಲೆ ಕೋಣೆಯಲ್ಲಿ ಗಲ್ಲ ಇಟ್ಟು ಕೂರಿಸಿ, ಮೆಷಿನ್ನಿನ ತೆಳು ಬೆಳಕಿನ ಗೆರೆಯನ್ನು ಕಣ್ಣಿನೊಳಗೆ ಹಾಯಿಸಿ, "ಹಾಫ್ ಪ್ಲಸ್" (ಸೆಲ್ಸ್ ಇನ್ನೂ ಸ್ವಲ್ಪ ಇವೆ), "ಇವತ್ತು ಕ್ವಯಟ್" (ಸೆಲ್ಸ್ ಇಲ್ಲ) ಅಂತ ಪಕ್ಕದವರಿಗೆ ಹೇಳಿ ಬರೆಸುತ್ತಿದ್ದರು. ಎರಡನೇ ಮಾತು ಕೇಳಿದ ದಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ಬೆಣ್ಣೆ ದೋಸೆ ನನಗೆ ನಾನೇ ಕೊಡಿಸಿಕೊಂಡೆ. ದಾವಣಗೆರೆಯವಳಿಗೆ ಬೆಂಗಳೂರಿನ ಬೆಣ್ಣೆ ದೋಸೆ ರುಚಿಸಲಿಲ್ಲ, ಆ ಮಾತು ಬೇರೆ.

ಉರಿಯೂತ ಹಿಡಿತಕ್ಕೆ ಬರಲು ಮೆಥೊಟ್ರೆಕ್ಸೇಟ್ ಹಾಕಿದರು. ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ ಅದು, ಜೊತೆಗೆ ಫೋಲಿಕ್ ಆಸಿಡ್. ದಯವಿಟ್ಟು ಯಾರೂ ಅದನ್ನು ದಿನಾ ನುಂಗಬೇಡಿ, ಪ್ರಾಣಕ್ಕೇ ಕುತ್ತು. ಕಣ್ಣು ತಣ್ಣಗಾಗಿ ಮೂರು ತಿಂಗಳಿಗಿಂತ ಸ್ವಲ್ಪ ಜಾಸ್ತಿಯೇ ಆದ ಮೇಲೆ ಆಪರೇಷನ್. ಅದಕ್ಕೆ ಮೊದಲೇ ಸ್ಟೆರಾಯ್ಡ್ ಮಾತ್ರೆ ಮತ್ತು ಡ್ರಾಪ್ಸ್ ಶುರುವಾಗಿತ್ತು.

ನನ್ನ ಪಾಪೆ ಎಷ್ಟು ಡ್ರಾಪ್ಸ್ ಹಾಕಿದರೂ ಅಗಲ ಆಗುತ್ತಿರಲಿಲ್ಲ. ಹಳೇ ಉರಿಯೂತದಲ್ಲಿ ಅದು ಲೆನ್ಸಿಗೆ ಅಂಟಿಕೊಂಡಿತ್ತು. ಆಪರೇಷನ್ ಟೇಬಲ್ಲಿನ ಮೇಲೆ ಡಾಕ್ಟರು ಅಂಟು ಬಿಡಿಸಿ, "ಹುಕ್ಸ್ ಕೊಡಿ" ಎಂದರು. ಕೂದಲಿನಷ್ಟು ಸಣ್ಣ ಕೊಕ್ಕೆಗಳಲ್ಲಿ ಪಾಪೆಯನ್ನು ಸುತ್ತಲೂ ಎಳೆದು ನಿಲ್ಲಿಸುತ್ತಾರಂತೆ. ಬ್ಲೌಸಿಗೆ ಹುಕ್ಕು ಹಾಕಿಯೇ ಹೊಟ್ಟೆ ಹೊರೆದವಳು ನಾನು, ಬಟ್ಟೆ ಹೊದ್ದ ಮುಖದೊಳಗೇ ನಗು ಬಂತು. "ಅಲ್ಲಾಡಬೇಡಿ" ಅಂತ ಬೈದರು. ಅರ್ಧ ಗಂಟೆಗಿಂತ ಜಾಸ್ತಿಯೇ ಹಿಡಿಯಿತು. ನಿಮ್ಮ ಹದಿನೈದು ನಿಮಿಷದ ಲೆಕ್ಕ ನಮ್ಮಂಥ ಕಣ್ಣಿಗಲ್ಲ.

ಆಮೇಲಿನ ಡ್ರಾಪ್ಸ್ ಮೊದಲು ಎರಡು ಗಂಟೆಗೊಮ್ಮೆ, ಇಳಿಸುತ್ತಾ ಇಳಿಸುತ್ತಾ ಮೂರು ತಿಂಗಳು. ಬಾಟಲಿಗಳೆಲ್ಲ ಒಂದೇ ಥರ ಇರುತ್ತವೆ. ಬೇರೆ ಬೇರೆ ಬಣ್ಣದ ದಾರ ಕಟ್ಟಿಟ್ಟುಕೊಂಡಿದ್ದೆ. ಈಗ ಆ ಕಣ್ಣು ಕನ್ನಡಕ ಹಾಕಿ 6/9. ಪಾಪೆ ಪೂರ್ತಿ ದುಂಡಗಿಲ್ಲ, ಹತ್ತಿರದಿಂದ ನೋಡಿದವರಿಗೆ ಗೊತ್ತಾಗುತ್ತದೆ. ಕಪ್ಪು ದಾರ ನಾನೇ ಪೋಣಿಸುತ್ತೇನೆ.

---

ಬಸಣ್ಣ ಗದಗ ಬರೆದದ್ದು:

ಅಕ್ಕಾ, ನಿಮ್ಮ ಅನುಭವ ಸರಿ. ಆದರೆ ಇಷ್ಟೊಂದು ಹೆದರಿಸಬೇಕಾ? ನಮ್ಮ ಅಜ್ಜಿಗೆ ಡಾ. ಎಂ.ಸಿ. ಮೋದಿಯವರ ಕ್ಯಾಂಪಿನಲ್ಲಿ ಪೊರೆ ತೆಗೆದಿದ್ದರು. ಶಾಲೆಯ ಕೋಣೆ, ಸಾಲಾಗಿ ಮಲಗಿಸಿದ ಜನ, ಒಂದೇ ದಿನ ನೂರಾರು ಆಪರೇಷನ್. "ಕಣ್ಣು ಕೊಟ್ಟ ಅಣ್ಣ" ಅಂತ ಈ ಕಡೆ ಸುಮ್ನೆ ಕರೆಯುತ್ತಿರಲಿಲ್ಲ. ಯಾವ ಸ್ಕ್ಯಾನೂ ಇಲ್ಲ, ಮೂರು ತಿಂಗಳ ಮಾತೂ ಇಲ್ಲ. ಅಜ್ಜಿ ಸಾಯುವ ತನಕ ಜೋಳ ಹಸನು ಮಾಡಿದಳು. ಮೊನ್ನೆ ನಮ್ಮ ಮಾವನಿಗೂ ಆಯಿತು, ವಾರಕ್ಕೆಲ್ಲ ಹೊಲಕ್ಕೆ ಹೋದ. ಈಗಿನ ಡಾಕ್ಟರುಗಳು ಬಿಲ್ ಬೆಳೆಸಲು ಏನೇನೋ ಹೇಳುತ್ತಾರೆ.

---

ಕಣ್ಣಿನ ಡಾಕ್ಟರಮ್ಮ, ಹುಬ್ಬಳ್ಳಿ ಬರೆದದ್ದು:

ಬಸಣ್ಣ, ಮೋದಿಯವರ ಬಗ್ಗೆ ನಿಮಗಿರುವ ಗೌರವವೇ ನನಗೂ ಇದೆ. ನಿಮ್ಮ ಅಜ್ಜಿಯದು ವಯಸ್ಸಿನ ಪೊರೆ, ನಿಮ್ಮ ಮಾವನದೂ ಅದೇ ಇರಬೇಕು. ಪೊರೆ ಬಿಟ್ಟರೆ ಕಣ್ಣು ಆರೋಗ್ಯವಾಗಿತ್ತು. ಕ್ಯಾಂಪಿನ ಕಾಲದಲ್ಲಿ ಒಳಗೆ ಲೆನ್ಸೂ ಹಾಕುತ್ತಿರಲಿಲ್ಲ, ದಪ್ಪ ಗಾಜಿನ ಕನ್ನಡಕ ಕೊಟ್ಟು ಕಳಿಸುತ್ತಿದ್ದರು. ಮೇಷ್ಟ್ರದು ಬೇರೆ ಕಥೆ. ಬಿಲ್ಲಿನ ವಿಷಯಕ್ಕೆ ಬಂದರೆ, ಕಾಯಿರಿ ಅಂದ ಡಾಕ್ಟರಿಗೆ ಇವತ್ತು ಏನೂ ಸಿಗಲಿಲ್ಲ ಅಲ್ವಾ?

ಆಪರೇಷನ್ ಅಂದರೆ ಕಣ್ಣಿಗೆ ಒಂದು ಗಾಯ. ಯಾವ ಕಣ್ಣೇ ಆದರೂ ಗಾಯಕ್ಕೆ ಸ್ವಲ್ಪ ಉರಿಯುತ್ತದೆ. ಯುವಿಯೈಟಿಸ್ ಕಣ್ಣಿನಲ್ಲಿ ರಕ್ತನಾಳದ ಗೋಡೆ ಮೊದಲೇ ಸೋರುವಂತಾಗಿರುತ್ತದೆ, ಹಾಗಾಗಿ ಅದು ವಿಪರೀತ ಉರಿಯುತ್ತದೆ. ಫೈಬ್ರಿನ್ ಕಟ್ಟುವುದು, ಪಾಪೆ ಹೊಸ ಲೆನ್ಸಿಗೂ ಅಂಟುವುದು, ಕಣ್ಣಿನೊಳಗಿನ ಒತ್ತಡ ಏರುವುದು, ಕೆಲವು ವಾರಗಳ ನಂತರ ಮ್ಯಾಕ್ಯುಲಾ ಊದುವುದು, ಎಲ್ಲ ಅದರಿಂದಲೇ. ಕಣ್ಣು ತಣ್ಣಗಿದ್ದಾಗ ಮಾಡಿದರೆ ಇವು ಕಡಿಮೆ. ಮೂರು ತಿಂಗಳು ಅನ್ನುವುದು ಹೆಚ್ಚಿನ ಯುವಿಯಾ ತಜ್ಞರು ಒಪ್ಪಿ ನಡೆಸುವ ಲೆಕ್ಕ.

ಎಲ್ಲರಿಗೂ ಕಾಯುವುದೇ ಸರಿ ಅಂತಲೂ ಅಲ್ಲ. ಪೊರೆ ಬಲಿತು ಲೆನ್ಸಿನ ಪ್ರೋಟೀನು ಹೊರಗೆ ಸೋರಿ, ಅದರಿಂದಲೇ ಉರಿಯೂತ ಬಂದಿದ್ದರೆ ಪೊರೆ ತೆಗೆಯುವುದೇ ಔಷಧಿ. ಅಲ್ಲಿ ಕಾದರೆ ಕೆಡುತ್ತದೆ. ಫುಕ್ಸ್ ಅಂತ ಯುವಿಯೈಟಿಸ್‌ನದೇ ಒಂದು ಬಗೆ ಇದೆ, ಅದರಲ್ಲಿ ನಾಲ್ಕಾರು ಸೆಲ್ಸ್ ಯಾವಾಗಲೂ ಇರುತ್ತವೆ, ಆದರೂ ಆಪರೇಷನ್ ಸಾಮಾನ್ಯವಾಗಿ ಚೆನ್ನಾಗಿಯೇ ಆಗುತ್ತದೆ. ಪೊರೆಯಿಂದಾಗಿ ಹಿಂದಿನ ರೆಟಿನಾ ಕಾಣದೆ ಅದರ ಚಿಕಿತ್ಸೆಯೇ ನಿಂತಿದ್ದರೂ ಬೇಗ ಮಾಡಬೇಕಾಗುತ್ತದೆ. ಮಕ್ಕಳಲ್ಲಂತೂ ತುಂಬಾ ಕಷ್ಟದ ತೀರ್ಮಾನ. ಕೀಲುವಾತ ಇರುವ ಮಕ್ಕಳಲ್ಲಿ ಕಣ್ಣು ಕೆಂಪಾಗದೆ, ನೋವಿಲ್ಲದೆ, ಒಳಗೊಳಗೇ ಉರಿಯೂತ ನಡೆದಿರುತ್ತದೆ. ಕಾದರೆ ಕಣ್ಣು ಸೋಮಾರಿಯಾಗುತ್ತದೆ, ಅವಸರ ಮಾಡಿದರೆ ಮತ್ತೆ ಉರಿಯುತ್ತದೆ. ಲೆನ್ಸ್ ಹಾಕಬೇಕೋ ಬೇಡವೋ ಅನ್ನುವುದರಲ್ಲೇ ವೈದ್ಯರಲ್ಲಿ ಒಮ್ಮತ ಇಲ್ಲ. ಅಂಥ ಮಗು ಮನೆಯಲ್ಲಿದ್ದರೆ ಕಣ್ಣು ಚೆನ್ನಾಗಿ ಕಂಡರೂ ಹೇಳಿದ ದಿನಕ್ಕೆ ತೋರಿಸಿ.

ಮೇಷ್ಟ್ರಿಗೆ ಒಂದು ಒಳ್ಳೆ ಸುದ್ದಿ ಇದೆ. ಬಿ27 ಕಣ್ಣು ಅಟ್ಯಾಕ್ ಬಂದಾಗ ಜೋರಾಗಿ ಬರುತ್ತದೆ, ಹೋದಾಗ ಬಹುಪಾಲು ಪೂರ್ತಿ ಹೋಗುತ್ತದೆ. ನಡುವಿನ ಆ ಬಿಡುವಿನಲ್ಲಿ ಎಚ್ಚರಿಕೆಯಿಂದ ಮಾಡಿದರೆ ಫಲಿತಾಂಶ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಮೊದಲು ಒಸಿಟಿ ಮಾಡಿಸಿ ಮ್ಯಾಕ್ಯುಲಾ ನೋಡಿಕೊಳ್ಳಲಿ, ಒತ್ತಡ ಮತ್ತು ಕಣ್ಣಿನ ನರವನ್ನೂ ನೋಡಲಿ. ಇವು ಸರಿ ಇದ್ದರೆ ಪೊರೆ ತೆಗೆದ ಮೇಲೆ ನೋಟ ಬರುತ್ತದೆ. ಹಾಳಾಗಿದ್ದರೆ ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಅಷ್ಟಕ್ಕಷ್ಟೇ.

ಲೆನ್ಸ್ ವಿಷಯ. ನಮ್ಮಲ್ಲಿ ಹೆಚ್ಚಾಗಿ ಮಡಚುವ ಅಕ್ರಿಲಿಕ್ ಲೆನ್ಸನ್ನು ಹಳೆ ಲೆನ್ಸು ಇದ್ದ ತೆಳು ಚೀಲದೊಳಗೇ ಕೂರಿಸುತ್ತೇವೆ. ಯುವಿಯೈಟಿಸ್ ಇರುವವರಿಗೆ ಮಲ್ಟಿಫೋಕಲ್ ಬೇಡ ಅನ್ನುವವಳು ನಾನು. ಆ ಲೆನ್ಸು ಬರುವ ಬೆಳಕನ್ನೇ ಹಂಚುತ್ತದೆ. ನಾಳೆ ಮ್ಯಾಕ್ಯುಲಾ ಊದಿದರೆ, ಪಾಪೆ ಸೊಟ್ಟಗಿದ್ದರೆ, ಅರೆಬರೆ ನೋಟವೂ ಕೆಡುತ್ತದೆ. ಓದಲು ಒಂದು ಕನ್ನಡಕ ಹಾಕಿಕೊಳ್ಳುವುದರಲ್ಲಿ ಏನು ಕಷ್ಟ? ಇನ್ನೊಂದು ಮಾತು. ಆಪರೇಷನ್ ಆದ ಮೇಲೆ ಆ ಚೀಲದ ಹಿಂದಿನ ಪದರ ಮಂಜಾಗುವುದು ನಿಮ್ಮಂಥವರಲ್ಲಿ ಜಾಸ್ತಿ. ಗಾಬರಿ ಬೇಡ, ಯಾಗ್ ಲೇಸರ್‌ನಲ್ಲಿ ಕೂತಲ್ಲೇ ತೆರೆಯುತ್ತಾರೆ. ಅದನ್ನೂ ಕಣ್ಣು ತಣ್ಣಗಿದ್ದಾಗಲೇ ಮಾಡಿಸಬೇಕು.

---

ನೇತ್ರಾವತಿ ದಂಡೆ ಬರೆದದ್ದು:

ಡಾಕ್ಟರಮ್ಮ ಹೇಳಿದ್ದಕ್ಕೆ ನಮ್ಮದೊಂದು ಸೇರಿಸುತ್ತೇನೆ. ನಮ್ಮ ಅಪ್ಪನಿಗೆ ಬೆನ್ನುನೋವೂ ಇಲ್ಲ, ಕೀಲುನೋವೂ ಇಲ್ಲ. ಬಂಟ್ವಾಳದ ಕಡೆ ಗದ್ದೆ ಕೆಲಸ. ಮಳೆಗಾಲದಲ್ಲಿ ಇಲಿಜ್ವರ ಬಂದು ಆಸ್ಪತ್ರೆ ಸೇರಿ ಗುಣ ಆಗಿ ಬಂದರು. ಮರೆತೂಬಿಟ್ಟಿದ್ದೆವು. ಕೆಲವು ತಿಂಗಳಾದ ಮೇಲೆ ಕಣ್ಣು ಕೆಂಪು, ಎದುರು ಕಪ್ಪು ಚುಕ್ಕೆ ತೇಲಾಟ, ನೋಡನೋಡುತ್ತಲೇ ಪೊರೆ ಬೆಳ್ಳಗಾಯಿತು. ವಯಸ್ಸಿನ ಪೊರೆ ಇಷ್ಟು ಬೇಗ ಬಲಿಯುವುದಿಲ್ಲ. ಕಣ್ಣಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಜ್ವರ ಬಂದಿತ್ತಾ? ಗದ್ದೆಗೆ ಇಳಿಯುತ್ತೀರಾ?"

ಲೆಪ್ಟೊಸ್ಪೈರಾ ಅನ್ನುವ ಅದೇ ಇಲಿಜ್ವರದ ರೋಗಾಣು ತಡವಾಗಿ ಕಣ್ಣಿನಲ್ಲಿ ಹೀಗೆ ಮಾಡುತ್ತದಂತೆ. 1993ರ ಭಾರಿ ಮಳೆ, ನೆರೆಯ ನಂತರ ಮದುರೈಯ ಅರವಿಂದ್ ಕಣ್ಣಾಸ್ಪತ್ರೆಗೆ ಇಂಥ ರೋಗಿಗಳು ಗುಂಪುಗುಂಪಾಗಿ ಬಂದಾಗ ಅದಕ್ಕೆ ಇದೇ ಕಾರಣ ಅಂತ ಅಲ್ಲಿನ ವೈದ್ಯರು ಪತ್ತೆ ಹಚ್ಚಿದ್ದರು ಅಂತ ಅಪ್ಪನ ಡಾಕ್ಟರೇ ವಿವರಿಸಿದರು. ಅಪ್ಪನಿಗೆ ಉರಿಯೂತ ಇಳಿಸಿಕೊಂಡು ಆಮೇಲೆ ಆಪರೇಷನ್ ಮಾಡಿದರು. ಈಗ ಚೆನ್ನಾಗಿ ಕಾಣುತ್ತದೆ, ಅಡಿಕೆ ಸುಲಿಯುತ್ತಾರೆ. ಗದ್ದೆಗೆ ಬೂಟು ಹಾಕಿಕೊಳ್ಳಿ ಅಂದರೆ ಮಾತ್ರ ಕೇಳುವುದಿಲ್ಲ.

---

ಮಲೆನಾಡ ಮೇಷ್ಟ್ರು ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬುಧವಾರದ್ದನ್ನು ಫೋನ್ ಮಾಡಿ ಕ್ಯಾನ್ಸಲ್ ಮಾಡಿದೆ. "ಆಫರ್ ಈ ತಿಂಗಳಿಗೆ ಮಾತ್ರ ಸರ್" ಎಂದರು! ಟೈಲರ್ ಅಕ್ಕ, ನಿಮ್ಮ ಟೇಪಿನ ಗೆರೆ ಓದಿದ ಮೇಲೆ ನಾನೂ ಒಂದೊಂದೇ ಕಣ್ಣು ಮುಚ್ಚಿ ಗ್ರಾಫ್ ಹಾಳೆ ನೋಡಿದೆ. ಚೌಕಗಳು ಮಸುಕಾಗಿವೆ, ಆದರೆ ನೇರವಾಗಿಯೇ ಇವೆ.

ಡಾಕ್ಟರಮ್ಮ, ಎರಡು ಪ್ರಶ್ನೆ. ಮೂರು ತಿಂಗಳನ್ನು ಯಾವತ್ತಿನಿಂದ ಎಣಿಸುವುದು? ನಾನಿನ್ನೂ ದಿನಕ್ಕೆರಡು ಸಲ ಡ್ರಾಪ್ಸ್ ಹಾಕುತ್ತಿದ್ದೇನೆ. ಇನ್ನೊಂದು, ಬೆನ್ನಿನ ಡಾಕ್ಟರು ಅಡಾಲಿಮುಮ್ಯಾಬ್ ಇಂಜೆಕ್ಷನ್ ಮಾತು ಎತ್ತಿದ್ದಾರೆ. ಆಪರೇಷನ್ ಇದೆ ಅಂತ ಅದನ್ನು ಮುಂದೂಡಲಾ? ಶುಗರ್ ಭಯ ಹಾಗೇ ಇದೆ.

---

ಕಣ್ಣಿನ ಡಾಕ್ಟರಮ್ಮ, ಹುಬ್ಬಳ್ಳಿ ಬರೆದದ್ದು:

ಕೆಂಪು ಹೋದ ದಿನದಿಂದಲ್ಲ, ಸ್ಲಿಟ್ ಲ್ಯಾಂಪಿನಲ್ಲಿ (ಟೈಲರ್ ಹೇಳಿದ ಆ ಬೆಳಕಿನ ಗೆರೆಯ ಮೆಷಿನ್) ಸೆಲ್ಸ್ ಇಲ್ಲ ಅಂತ ಬರೆದ ದಿನದಿಂದ ಎಣಿಸಿ. ಡ್ರಾಪ್ಸ್ ಪೂರ್ತಿ ನಿಂತಿರಲೇಬೇಕು ಅಂತಿಲ್ಲ, ಸಣ್ಣ ಪ್ರಮಾಣದಲ್ಲಿ ನಡೆಯುತ್ತಿದ್ದರೂ ಕಣ್ಣು ತಣ್ಣಗೆ ಉಳಿದಿದ್ದರೆ ಲೆಕ್ಕಕ್ಕೆ ಬರುತ್ತದೆ. ನಡುವೆ ಅಟ್ಯಾಕ್ ಬಂದರೆ ಮತ್ತೆ ಒಂದರಿಂದ ಶುರು.

ಅಡಾಲಿಮುಮ್ಯಾಬ್ ನಿಮ್ಮ ಬೆನ್ನಿಗೂ ಕಣ್ಣಿಗೂ ಆಗುವ ಔಷಧಿ. ಸೋಂಕಿನಿಂದ ಬಾರದ ಕೆಲವು ಬಗೆಯ ಯುವಿಯೈಟಿಸ್‌ಗೆ ಅಮೆರಿಕದಲ್ಲಿ 2016ರಲ್ಲೇ ಒಪ್ಪಿಗೆ ಸಿಕ್ಕಿದೆ, ನಮ್ಮಲ್ಲಿ ಇಲ್ಲೇ ತಯಾರಾದ ಬಯೋಸಿಮಿಲರ್‌ಗಳೂ, ಅಂದರೆ ಅದನ್ನೇ ಹೋಲುವ ಬೇರೆ ಕಂಪನಿಯ ಔಷಧಿಗಳೂ, ಸಿಗುತ್ತವೆ. ಎಟಾನರ್ಸೆಪ್ಟ್ ಅನ್ನುವುದೂ ಬೆನ್ನಿಗೆ ಕೊಡುವ ಇಂಜೆಕ್ಷನ್ನೇ, ಆದರೆ ಕಣ್ಣಿಗೆ ಅದು ಅಷ್ಟು ಉಪಯೋಗವಿಲ್ಲ. ಬೆನ್ನಿನ ಡಾಕ್ಟರಿಗೆ ಕಣ್ಣಿನ ಕಥೆ ತಪ್ಪದೆ ಹೇಳಿ. ಶುರು ಮಾಡುವ ಮೊದಲು ಟಿಬಿ ಪರೀಕ್ಷೆ ಆಗಲೇಬೇಕು. ನಮ್ಮ ದೇಶದಲ್ಲಿ ಟಿಬಿ ಒಳಗೆ ಮಲಗಿರುವವರು ಬಹಳ, ಈ ಔಷಧಿ ಅದನ್ನು ಎಬ್ಬಿಸುತ್ತದೆ. ಪೊರೆ ಆಪರೇಷನ್ನಿಗಾಗಿ ಇವನ್ನು ನಿಲ್ಲಿಸುವುದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ನಿಲ್ಲಿಸಿದರೆ ಕಣ್ಣು ಕೆರಳುವ ಭಯವೇ ಹೆಚ್ಚು. ಆದರೂ ತೀರ್ಮಾನ ನಿಮ್ಮ ಇಬ್ಬರು ಡಾಕ್ಟರು ಮಾತಾಡಿ ಮಾಡಲಿ.

ಶುಗರ್ ಏರುತ್ತದೆ, ಸುಳ್ಳು ಹೇಳುವುದಿಲ್ಲ. ಮನೆಯಲ್ಲೇ ನೋಡಿಕೊಳ್ಳುವ ಮೀಟರ್ ಇಟ್ಟುಕೊಳ್ಳಿ. ಮಾತ್ರೆ ಶುರು ಮಾಡುವ ಮೊದಲೇ ಶುಗರ್ ಡಾಕ್ಟರಿಗೆ ತಿಳಿಸಿ. ಮಾತ್ರೆ ಬೇಡವೇ ಬೇಡ ಅನ್ನುವಂತಿದ್ದರೆ ಕಣ್ಣಿನ ಪಕ್ಕಕ್ಕೋ ಒಳಕ್ಕೋ ಸ್ಟೆರಾಯ್ಡ್ ಕೊಡುವ ದಾರಿ ಇದೆ, ಆದರೆ ಸ್ಟೆರಾಯ್ಡಿಗೆ ನಿಮ್ಮ ಕಣ್ಣಿನ ಒತ್ತಡ ಏರುವ ಸ್ವಭಾವ ಇದ್ದರೆ ಅದೂ ಕಷ್ಟ. ಹಳೇ ಫೈಲಿನಲ್ಲಿ ಒತ್ತಡದ ಅಂಕಿಗಳು ಇರುತ್ತವೆ, ತೋರಿಸಿ. ಶುರು ಮಾಡಿದ ಮಾತ್ರೆಯನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ.

---

ಮಲೆನಾಡ ಮೇಷ್ಟ್ರು ಬರೆದದ್ದು:

ಅರ್ಥ ಆಯಿತು. ಹಾಗಾದರೆ ಈ ಸಲ ಮೌಲ್ಯಮಾಪನ ಎಡಗಣ್ಣಿನಲ್ಲೇ. ಆಪರೇಷನ್ ಬೇಸಿಗೆ ರಜೆಗೆ ಇಟ್ಟುಕೊಳ್ಳುತ್ತೇನೆ. ಬರುವ ಸೋಮವಾರ ಮಂಗಳೂರಿಗೆ ಹೋದಾಗ ಸೆಲ್ಸ್ ಎಷ್ಟು ಅಂತ ಚೀಟಿಯಲ್ಲೇ ಬರೆಸಿಕೊಳ್ಳುತ್ತೇನೆ.

---

ದಾವಣಗೆರೆ ಟೈಲರ್ ಬರೆದದ್ದು:

ಬೇಸಿಗೆ ರಜೆ ಅಂದರೆ ಮೇಷ್ಟ್ರುಗಳೆಲ್ಲ ಆಗಲೇ ಬರುತ್ತಾರೆ, ಈಗಲೇ ದಿನ ಕೇಳಿಟ್ಟಿರಿ. ದುಡ್ಡು ಮಾತ್ರ ಮುಂಚೆ ಕಟ್ಟಬೇಡಿ, ಕಣ್ಣು ಕೆರಳಿದರೆ ಮುಂದೂಡಬೇಕಾಗುತ್ತದೆ ಅಂತ ಮೊದಲೇ ಹೇಳಿಬಿಡಿ. ಇನ್ಶೂರೆನ್ಸ್ ಇದ್ದರೆ ಪಾಲಿಸಿ ತೆಗೆದು ನೋಡಿ. ಪೊರೆಗೆ ಎರಡು ವರ್ಷದ ವೇಟಿಂಗ್ ಮತ್ತು ಇಷ್ಟೇ ಕೊಡುತ್ತೇವೆ ಅನ್ನುವ ಮಿತಿ ಬಹಳ ಪಾಲಿಸಿಗಳಲ್ಲಿ ಇರುತ್ತದೆ. ಆಪರೇಷನ್ ಆದ ಮೇಲೆ ಮರುದಿನ, ವಾರಕ್ಕೆ, ಆಮೇಲೂ ಆಗಾಗ ಕರೆಯುತ್ತಾರೆ. ಘಾಟಿ ಇಳಿದು ಹತ್ತುವ ಬದಲು ಮೊದಲ ವಾರ ಮಂಗಳೂರಿನಲ್ಲೇ ಯಾರಾದರೂ ನೆಂಟರ ಮನೆಯಲ್ಲಿ ಉಳಿಯುವುದು ವಾಸಿ. ಭಾವನನ್ನು ಜೊತೆಗೆ ಕರೆದುಕೊಂಡು ಹೋಗಿ, ಗಂಟೆಗೊಮ್ಮೆ ಡ್ರಾಪ್ಸ್ ಹಾಕುವ ಡ್ಯೂಟಿ ಅವರಿಗೇ ಕೊಡಿ.